ಆರಿಸದ ಸರ್ವರ್, ಹತ್ತದ ಅಟ್ಟ

ನಮ್ಮ ಮನೆಯವರನ್ನು ಒಂದು ಗಂಟೆ ಒಂದೇ ಕಡೆ ಕೂರಿಸಬಲ್ಲವರು ಯಾರಾದರೂ ಇದ್ದರೆ ಬರಲಿ, ಹಾರ ಹಾಕಿ ಸನ್ಮಾನ ಮಾಡುತ್ತೇನೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯ ಒಂದು ಊಟವನ್ನು ಮೊದಲಿಂದ ಕೊನೆವರೆಗೆ ಕೂತು ಉಂಡಿದ್ದನ್ನು ನೋಡಿಲ್ಲ. ಮುದ್ದೆ ಮುರಿಯುವಾಗ ಫ್ಯಾನಿನ ಶಬ್ದ ಬದಲಾಗಿದೆ ಅಂತ ಎದ್ದು ಹೋಗುತ್ತಾರೆ. ನಾನು ಎರಡನೇ ಸಲ ಸಾರು ಬಡಿಸಲು ಬರುವ ಹೊತ್ತಿಗೆ ಫ್ಯಾನು ಬಿಚ್ಚಿಕೊಂಡು ಜಗಲಿಯ ಮೇಲೆ ಮಲಗಿರುತ್ತದೆ. ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದೆ ಮುಂದಿನ ಸ್ಟಾಪಿಗೆ ನಡೆಯುತ್ತಾರೆ, ಅಷ್ಟರಲ್ಲಿ ಬಸ್ಸು ಇವರನ್ನು ದಾಟಿಕೊಂಡು ತಿಪಟೂರು ಸೇರಿರುತ್ತದೆ.

ಹೆಸರು ಕಲ್ಲೇಶ್, ವಯಸ್ಸು ನಲವತ್ತೇಳು. ಬಿಳಿಗೆರೆಯಲ್ಲಿ ನಮ್ಮ ಮನೆ ಮತ್ತು ತೆಂಗಿನ ತೋಟ. ತೋಟ ನೋಡಿಕೊಳ್ಳುವುದು ನಾನು ಮತ್ತು ನಮ್ಮತ್ತೆ ಸಿದ್ದಮ್ಮ. ಇವರು ಮೊದಲು ತಿಪಟೂರಿನಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದರು. ಟೈಪ್‌ರೈಟರ್ ಕೇಳುವವರಿಲ್ಲವಾದಾಗ ಒಂದು ಕಂಪ್ಯೂಟರ್ ತಂದು ಲಗ್ನಪತ್ರಿಕೆ ಮಾಡಿದರು. ಅದನ್ನೂ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಒಳಗಿನದೆಲ್ಲ ಕಲಿತರು. ಈಗ ಹದಿನಾಲ್ಕು ವರ್ಷದಿಂದ ಅಲ್ಲಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ಇವರದೇ ಉಸ್ತುವಾರಿಯಲ್ಲಿದೆ. ಮೇಷ್ಟ್ರುಗಳು ಬರುತ್ತಾರೆ ಹೋಗುತ್ತಾರೆ, ಲ್ಯಾಬಿನ ಸ್ಕ್ರೂ ಯಾವುದು ಎಲ್ಲಿದೆ ಅಂತ ಗೊತ್ತಿರುವುದು ಇವರೊಬ್ಬರಿಗೇ.

ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುವ ಈ ಮನುಷ್ಯ ಮುಟ್ಟದ ವಸ್ತು ಎರಡೇ ಎರಡು ಇದ್ದವು. ಒಂದು, ಲ್ಯಾಬಿನ ಮೂಲೆಯ ಕಬ್ಬಿಣದ ಬೀರುವಿನಲ್ಲಿರುವ ಕಪ್ಪು ಸರ್ವರ್. ಮೂರು ವರ್ಷ ಎರಡು ತಿಂಗಳಿಂದ ಅದು ಒಂದು ಕ್ಷಣವೂ ಆರಿರಲಿಲ್ಲ. ಕರೆಂಟು ಹೋದರೆ ಯುಪಿಎಸ್, ಯುಪಿಎಸ್ ಸೋತರೆ ನಮ್ಮ ಮನೆಯ ಇನ್ವರ್ಟರಿನ ಬ್ಯಾಟರಿ. ನನ್ನ ತಮ್ಮನ ಮದುವೆಯಲ್ಲಿ ಧಾರೆಗೆ ಮುಂಚೆ ಕಾಣೆಯಾದರು. ನಮ್ಮ ಕಡೆಯವರೆಲ್ಲ ಅಳಿಯನಿಗೆ ಏನೋ ಬೇಜಾರಾಗಿದೆ ಅಂತ ಹುಡುಕಾಡಿದರೆ, ಇವರು ಸ್ಕೂಟರಿನ ಮುಂದೆ ಬ್ಯಾಟರಿ ಇಟ್ಟುಕೊಂಡು ಕಾಲೇಜಿಗೆ ಹೋಗಿದ್ದರು. ಆ ಸಿಟ್ಟು ನನಗೆ ಇನ್ನೂ ಇದೆ.

ಇನ್ನೊಂದು, ನಮ್ಮ ಮನೆಯ ಅಟ್ಟ.

ನಮ್ಮ ಸೀಮೆಯಲ್ಲಿ ಕೊಬ್ಬರಿ ಅಂದರೆ ಕಾಯಿ ಒಡೆದು ಬಿಸಿಲಿಗೆ ಹಾಕುವುದಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗಿ ನಿಲ್ಲುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಅನ್ನಬೇಕು, ಆಗ ಅದು ಗಿಟುಕು. ಅಲ್ಲಿಯ ತನಕ ಏರಿಸಿದ ಕಾಯನ್ನು ಯಾರೂ ಕದಲಿಸುವ ಹಾಗಿಲ್ಲ.

ಇವರು ಹನ್ನೊಂದು ವರ್ಷದವರಾಗಿದ್ದಾಗ ದಿನಾ ಅಟ್ಟ ಹತ್ತಿ ಒಂದೊಂದೇ ಕಾಯಿ ಅಲ್ಲಾಡಿಸಿ ಬರುತ್ತಿದ್ದರಂತೆ. ಗಿಟುಕಾಗುವ ತನಕ ಕಾಯುವುದು ಇವರಿಂದ ಸಾಧ್ಯವೇ? ಆ ವರ್ಷ ಕಾಯಿ ಇಳಿಸಿದಾಗ ಒಂದು ಮೂಲೆಯ ಆರುನೂರು ಕಾಯಿ ಒಳಗೆಲ್ಲ ಕಪ್ಪಾಗಿ ಕೊಳೆತಿದ್ದವು. ಮಗ ಅಲ್ಲಾಡಿಸಿಯೇ ಹಾಳು ಮಾಡಿದ ಅಂತಾಯಿತು. ನಮ್ಮ ಮಾವ ಹನುಮಂತಯ್ಯನವರು ಹೊಡೆಯಲಿಲ್ಲ, ಬಯ್ಯಲಿಲ್ಲ. ಆದರೆ ಮುಂದೆ ಅಟ್ಟದ ಕೆಲಸ ಬಂದಾಗಲೆಲ್ಲ ಏಣಿಯ ಹತ್ತಿರ ನಿಂತು ಮಗನಿಗೆ ಒಂದು ಮಾತು ಹೇಳುತ್ತಿದ್ದರು: "ನೀನು ಕೆಳಗಿರಪ್ಪ."

ಮಾವ ತೀರಿಕೊಂಡು ಎಂಟು ವರ್ಷವಾಯಿತು. ಆಮೇಲೂ ಇವರು ಕೆಳಗೇ ಉಳಿದರು. ಮದುವೆಯಾದ ಹೊಸತರಲ್ಲಿ ಅಟ್ಟದಿಂದ ನಾಲ್ಕು ಕಾಯಿ ಇಳಿಸಿಕೊಡಿ ಅಂತ ಕೇಳಿದ್ದೆ. "ನಾನು ಮುಟ್ಟಿದ್ರೆ ಹಾಳಾಗ್ತವೆ ಕಣೇ," ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ಮುಖ ನೋಡಿದೆ, ತಮಾಷೆಯಾಗಿರಲಿಲ್ಲ. ಅಂದಿನಿಂದ ಸೆರಗು ಸಿಕ್ಕಿಸಿಕೊಂಡು ಅಟ್ಟ ಹತ್ತುವುದು ನನ್ನ ಪಾಲಿಗೆ ಬಂತು.

ಹೋದ ತಿಂಗಳು ಒಂದು ಗುರುವಾರ ಸಂಜೆ ಇವರು ಕಾಲೇಜಿನಿಂದ ಬಂದವರು ಕಾಫಿ ಲೋಟ ಹಿಡಿದುಕೊಂಡೇ ಅಂಗಳದಲ್ಲಿ ಹದಿನೈದು ಸುತ್ತು ಹಾಕಿದರು. ಕಾಫಿ ಆರಿ ತಣ್ಣಗಾಯಿತು.

"ಕೂತ್ಕಂಡು ಹೇಳ್ರೀ, ಏನಾಯ್ತು?" ಅಂದೆ.

ಕೂರಲಿಲ್ಲ, ನಡೆಯುತ್ತಲೇ ಹೇಳಿದರು. ಸೋಮವಾರ ಮೂವತ್ತೊಂದು ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ. ಹೊರಗಿನ ಪರೀಕ್ಷಕರು ಬರುತ್ತಾರೆ. ಪಠ್ಯ ಬದಲಾಗಿದೆ, ಈ ಸಲ ಪ್ರತಿಯೊಂದು ಮಗುವೂ ತನ್ನ ಕೈಯಾರೆ ಒಂದು ವರ್ಚುಯಲ್ ಕಂಪ್ಯೂಟರ್ ಮಾಡಿ ತೋರಿಸಬೇಕು. ಲ್ಯಾಬಿನ ಹಳೇ ಕಂಪ್ಯೂಟರುಗಳಿಗೆ ಅಷ್ಟು ಶಕ್ತಿಯಿಲ್ಲ. ಏನಿದ್ದರೂ ಆ ಕಪ್ಪು ಸರ್ವರಿನಲ್ಲೇ ಆಗಬೇಕು.

"ಮಾಡಿಸ್ರಿ ಮತ್ತೆ. ತಾಪತ್ರಯ ಏನು?"

"ನೋಡೇ, ಆ ಕಪ್ಪು ಪೆಟ್ಟಿಗೆ ನಿಜವಾದ ಯಂತ್ರ. ಅದರೊಳಗೆ ಬರೀ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಯಂತ್ರ ಓಡ್ತಿದೆ, ಅದು ವರ್ಚುಯಲ್ ಸರ್ವರ್. ಮಕ್ಕಳ ಕೆಲಸ, ರೆಕಾರ್ಡು, ಆರು ವರ್ಷದ್ದು ಎಲ್ಲಾ ಅದರೊಳಗಿದೆ. ಈಗ ಮಕ್ಕಳು ಆ ಒಳಗಿನ ಯಂತ್ರದ ಒಳಗೆ ತಮ್ಮದೊಂದೊಂದು ಯಂತ್ರ ಮಾಡ್ಬೇಕು. ನೆಸ್ಟೆಡ್ ವರ್ಚುಯಲೈಸೇಶನ್ ಅಂತಾರೆ."

"ಮಟ್ಟೆಯೊಳಗೆ ಚಿಪ್ಪು, ಚಿಪ್ಪಿನೊಳಗೆ ಕೊಬ್ಬರಿ. ಇದಕ್ಕೆ ಇಷ್ಟುದ್ದ ಹೆಸರಾ?"

ನಗಲಿಲ್ಲ. "ಒಳಗಿನ ಯಂತ್ರ ತನ್ನ ಹೊಟ್ಟೇಲಿ ಇನ್ನೊಂದನ್ನ ಇಟ್ಕೊಬೇಕು ಅಂದ್ರೆ ಪ್ರೊಸೆಸರಿನ ಒಂದು ಶಕ್ತಿ ಅದಕ್ಕೂ ಕಾಣಿಸ್ಬೇಕು. ಇಲ್ಲೀತನಕ ಕೆಳಗಿನ ಆ ಕಪ್ಪು ಯಂತ್ರ ಅದನ್ನ ಮರೆಮಾಡಿ ಇಟ್ಟಿತ್ತು. ಇವತ್ತು ಕೆಳಗಿನ ಯಂತ್ರದಲ್ಲಿ 'ಬಿಟ್ಟುಕೊಡು' ಅಂತ ಬರೆದೆ. ಆದ್ರೂ ಒಳಗಿಂದು 'ನಂಗೆ ಆಗಲ್ಲ' ಅಂತಾನೇ ಇದೆ."

ಶುಕ್ರವಾರ ಅದಕ್ಕೆ ಕಾರಣ ಸಿಕ್ಕಿತು. ಇವರು ಒಳಗಿನ ಸರ್ವರನ್ನು ಒಳಗಿನಿಂದಲೇ ರೀಸ್ಟಾರ್ಟ್ ಮಾಡುತ್ತಿದ್ದರು, ಒಂದಲ್ಲ ಐದು ಸಲ. ಅದು ಸಾಲದಂತೆ. ಎಬ್ಬಿಸುವಾಗ ತನಗೆ ಏನು ಕೊಟ್ಟಿದ್ದರೋ ಅದನ್ನೇ ಹಿಡಿದುಕೊಂಡು ಅದು ಓಡುತ್ತಿರುತ್ತದಂತೆ. ಕೆಳಗೆ ಎಲ್ಲ ಸರಿಹೋಗಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಒಳಗಿನದನ್ನು ಪೂರ್ತಿ ಆರಿಸಿ, ಕೆಳಗಿನದನ್ನೂ ಆರಿಸಿ, ಎರಡನ್ನೂ ಹೊಸದಾಗಿ ಎಬ್ಬಿಸಿದರೆ ಮಾತ್ರ ಹೊಸ ಶಕ್ತಿ ಅದರ ಕಣ್ಣಿಗೆ ಬೀಳುತ್ತದೆ.

"ಆರಿಸ್ರಿ ಮತ್ತೆ," ಅಂದೆ, ಅಕ್ಕಿ ಆರಿಸುತ್ತಾ.

ಇವರು ನನ್ನ ಕೈಯ ಮೊರ ಕಸಿದು ಪಕ್ಕಕ್ಕಿಟ್ಟರು. "ಮೂರು ವರ್ಷದಿಂದ ನಿಂತಿಲ್ಲ ಅದು. ಹಳೇ ಡಿಸ್ಕು. ಓಡ್ತಾ ಇರೋ ತನಕ ಓಡುತ್ತೆ. ನಿಲ್ಲಿಸಿದ ಮೇಲೆ ಏಳದೇ ಹೋದ್ರೆ?"

"ಕಾಪಿ ಇಟ್ಟಿಲ್ವಾ?"

"ಇಟ್ಟಿದೀನಿ. ವಾಪಸ್ ತೆಗೆದು ನೋಡಿಲ್ಲ. ಹೊಸ ಯಂತ್ರ ಇಲ್ದೆ ಎಲ್ಲಿಗೆ ಅಂತ ತೆಗೀಲಿ?"

ಪ್ರಿನ್ಸಿಪಾಲ್ ಸೂರ್ಯಪ್ರಕಾಶ್ ಅವರು ಶನಿವಾರ ಬೆಳಿಗ್ಗೆ ಫೋನ್ ಮಾಡಿ, "ಟೀವಿ ಕೆಟ್ರೆ ಆಫ್ ಮಾಡಿ ಆನ್ ಮಾಡಲ್ವೇನ್ರೀ ಕಲ್ಲೇಶ್, ಹಂಗೆ ಮಾಡ್ರಿ," ಅಂದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು: ಭಾನುವಾರ ಸಂಜೆಯೊಳಗೆ ಲ್ಯಾಬು ಸಿದ್ಧ ಅಂತ ತಿಳಿಸದಿದ್ದರೆ ಪರೀಕ್ಷೆಯನ್ನು ತುಮಕೂರಿನ ಕಾಲೇಜಿಗೆ ವರ್ಗಾಯಿಸಿ ಬರೆದುಕೊಡಬೇಕಾಗುತ್ತದೆ. ಮಧ್ಯಾಹ್ನ ಹಂದನಕೆರೆಯಿಂದ ಓದಲು ಬರುವ ಹುಡುಗಿ ಅನಿತಾ ಫೋನ್ ಮಾಡಿದಳು. "ಸರ್, ತುಮಕೂರಾದ್ರೆ ಎಂಟು ಗಂಟೆಗೆ ಅಲ್ಲಿರ್ಬೇಕಂತೆ. ನಮ್ಮೂರಿಂದ ಅಷ್ಟೊತ್ತಿಗೆ ಬಸ್ಸಿಲ್ಲ ಸರ್. ನಾವು ಐದು ಜನ ಇದೀವಿ. ಪರೀಕ್ಷೆ ತಪ್ಪಿದ್ರೆ ಮನೇಲಿ ಓದಿದ್ದು ಸಾಕು ಬುಡು ಅಂತಾರೆ." ಇವರು, "ನೋಡ್ತೀನಮ್ಮ," ಅಂದರು. ಆ ದಿನ ಮನೆಯಲ್ಲಿ ಮಿಕ್ಸಿ ಬಿಚ್ಚಿದರು, ಬಾವಿಯ ಮೋಟರಿನ ಸ್ಟಾರ್ಟರ್ ಬಿಚ್ಚಿದರು, ಚೆನ್ನಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವನ್ನೂ ಇಳಿಸಿದರು. ಎರಡು ಸಲ ಕಾಲೇಜಿಗೆ ಹೋಗಿ ಸರ್ವರಿನ ಮುಂದೆ ನಿಂತು, ಗುಂಡಿ ಮುಟ್ಟದೆ ವಾಪಸ್ ಬಂದರು. ಇವರ ಚಡಪಡಿಕೆ ನನಗೂ ಅಂಟಿ ಉಪ್ಪಿಲ್ಲದ ಸಾರು ಮಾಡಿದ್ದೆ, ಮೂರು ಜನವೂ ಗಮನಿಸದೆ ಉಂಡೆವು.

ಭಾನುವಾರ ನಮ್ಮ ಅಟ್ಟದ ಕಾಯಿ ಇಳಿಸುವ ದಿನ. ಹದಿನೈದು ದಿನ ಮುಂಚೆಯೇ ಹೇಳಿಟ್ಟಿದ್ದರಿಂದ ಮಟ್ಟೆ ಸುಲಿಯುವ ಕೆಂಚಯ್ಯ ಬೆಳಿಗ್ಗೆ ಏಳಕ್ಕೇ ಬಂದು ಅಂಗಳದಲ್ಲಿ ಕಬ್ಬಿಣದ ಮೊನೆ ನೆಟ್ಟ. ನಾನು ಅಟ್ಟದ ಮೇಲೆ. ಇವರು ಕೆಳಗೆ ನಿಂತು ನಾನು ಹಾಕಿದ ಕಾಯಿ ಹಿಡಿದು ಕೆಂಚಯ್ಯನ ಕಡೆ ದಾಟಿಸುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ಕೂತು, ಮಚ್ಚಿನ ಬೆನ್ನಿಂದ ಚಿಪ್ಪನ್ನು ಸುತ್ತ ತಟ್ಟಿ ಒಡೆದು ಕೊಬ್ಬರಿಯನ್ನು ಇಡಿಯಾಗಿ ತೆಗೆಯುತ್ತಿದ್ದರು. ಅರವತ್ತೇಳರಲ್ಲೂ ಅವರ ಕೈಯಲ್ಲಿ ಒಂದು ಉಂಡೆಯೂ ಒಡೆಯುವುದಿಲ್ಲ.

ಇವರ ಮನಸ್ಸು ಕಾಲೇಜಿನಲ್ಲಿತ್ತು. ಒಂದು ಕಾಯಿ ಕೈತಪ್ಪಿ ಕಾಲ್ಬೆರಳ ಮೇಲೆ ಬಿತ್ತು. ಇನ್ನೊಂದು ಹೋಗಿ ಕೆಂಚಯ್ಯನ ನೀರಿನ ಚೊಂಬಿಗೆ ಬಡಿಯಿತು.

"ಏನ್ಲಾ ಆಗದೆ ನಿಂಗೆ? ಮೂರು ದಿವ್ಸದಿಂದ ನೋಡ್ತಾವ್ನಿ," ಅಂದರು ಅತ್ತೆ.

"ಕಾಲೇಜಿನ ಯಂತ್ರ ಆರಿಸೋಕೆ ಹೆದ್ರಿಕೆ ಅತ್ತೆ ಇವರಿಗೆ," ಅಂತ ನಾನು ಮೇಲಿನಿಂದ ಕೂಗಿದೆ. "ಆರಿಸದೇ ಇದ್ರೆ ನಾಳೆ ಮಕ್ಕಳ ಪರೀಕ್ಷೆ ನಡೆಯಲ್ಲ. ಆರಿಸಿದ್ರೆ ಹಾಳಾಗುತ್ತೆ ಅಂತಾರೆ."

ಕೆಣಕುವ ಉದ್ದೇಶ ನನಗೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಇವರು ಅಷ್ಟು ಜೋರಾಗಿ ಕೂಗುತ್ತಾರೆ ಅಂದುಕೊಂಡಿರಲಿಲ್ಲ.

"ಹೌದು ಕಣೇ! ನಾನು ಮುಟ್ಟಿದ್ದು ಹಾಳಾಗುತ್ತೆ ಅಂತ ಈ ಮನೇಲಿ ಎಲ್ರಿಗೂ ಗೊತ್ತಲ್ಲ! ಆರುನೂರು ಕಾಯಿ ಹಾಳು ಮಾಡಿದೋನಲ್ವಾ ನಾನು! ಅವ್ವನ್ನೇ ಕೇಳು!"

ಅತ್ತೆಯ ಮಚ್ಚು ನಿಂತಿತು. ಅವರು ಕೈಯಲ್ಲಿದ್ದ ಕಾಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ಅದು ನೀನಲ್ಲ ಕಣ್ಲಾ," ಅಂದರು.

"ಏನು ನಾನಲ್ಲ?"

"ಆ ವರ್ಷ ಕಾಯಿ ಕೆಟ್ಟಿದ್ದು. ಆ ಮೂಲೇಲಿ ಕೋತಿ ಹೆಂಚು ಒಡ್ದಿತ್ತು. ಮಳೆ ಹಿಡಿಯೋಕೆ ಮುಂಚೆ ನಾನೇ ನೋಡಿದ್ದೆ. ನಿಮ್ಮಪ್ಪಂಗೆ ಹೇಳ್ಬೇಕು ಅಂದ್ಕಂಡು ಮರ್ತೆ. ಮಳೆ ಎಲ್ಲಾ ಒಳಕ್ಕೇ ಸುರೀತು. ಕಾಯಿ ಇಳಿಸಿದ ದಿವ್ಸ ನಿಮ್ಮಜ್ಜಿ ನಡುಮನೇಲಿ ನಿಂತ್ಕಂಡು ಇದ್ಯಾರ ಕೆಲಸ ಅಂದ್ರು. ನಂದೇ ತಪ್ಪು ಅನ್ನೋಕೆ ಹೆದ್ರಿದೆ. ನೀನು ದಿನಾ ಹತ್ತಿ ಅಲ್ಲಾಡಿಸ್ತಿದ್ಯಲ್ಲ, ನಿನ್ನ ಹೆಸ್ರು ಹೇಳ್ಬುಟ್ಟೆ. ಮಗು, ಎರಡು ಬೈದು ಬುಡ್ತಾರೆ ಅಂದ್ಕಂಡೆ."

ಕೆಂಚಯ್ಯ ಬೀಡಿಯ ನೆಪ ಮಾಡಿಕೊಂಡು ಬೇಲಿಯ ಆಚೆ ಹೋದ. ನಾನು ಅಟ್ಟದ ಅಂಚಿನಲ್ಲಿ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದುಕೊಂಡು ಹಾಗೇ ಕೂತಿದ್ದೆ. ಅತ್ತೆಯ ಮೇಲೆ ಬಂದ ಸಿಟ್ಟಿಗೆ ಆ ಎರಡನ್ನೂ ಎಸೆಯಬೇಕು ಅನ್ನಿಸಿತು. ಮೂವತ್ತಾರು ವರ್ಷ! ನನ್ನ ಗಂಡ ಮನೆಯ ಏಣಿಗೆ ಹೆದರಿಕೊಂಡು ಬದುಕಿದ್ದಾನೆ.

ಇವರು ಕೂಗಲಿಲ್ಲ. ಒಂದೇ ಮಾತು ಕೇಳಿದರು. "ಅಪ್ಪಂಗೆ ಹೇಳಿದ್ಯಾ?"

ಅತ್ತೆ ಮಚ್ಚು ಕೆಳಗಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡರು. ಇವರು ತಿರುಗಿ ನೋಡದೆ, ಚಪ್ಪಲಿಯನ್ನೂ ಹಾಕದೆ ಸ್ಕೂಟರ್ ಹತ್ತಿದರು. ನಾನು ಅಟ್ಟದಿಂದ ದಡಬಡ ಇಳಿದು ಹೇಗೋ ಹಿಂದೆ ಕೂತೆ. ಇಂಥ ಹೊತ್ತಲ್ಲಿ ಈ ಮನುಷ್ಯನನ್ನು ಒಬ್ಬರೇ ಬಿಡುವುದು ಹೇಗೆ?

ಭಾನುವಾರದ ಕಾಲೇಜು ಖಾಲಿ. ವಾಚ್‌ಮನ್ ಲ್ಯಾಬಿನ ಬೀಗ ತೆಗೆದು, ಇವರ ಬರಿಗಾಲು ಮತ್ತು ನನ್ನ ಸೀರೆಯ ಧೂಳು ನೋಡಿ ಏನೂ ಕೇಳದೆ ಹೋದ. ಇವರು ಬೀರು ತೆಗೆದು ಕುರ್ಚಿ ಎಳೆದುಕೊಂಡರು. ಕೂತರು. ನಿಜವಾಗಿ ಕೂತರು, ಎರಡು ಪಾದವನ್ನೂ ನೆಲಕ್ಕೆ ಊರಿ. ನನಗೆ ಭಯವಾಯಿತು.

"ಮೊದಲು ಒಳಗಿಂದು," ಅಂತ ತಮಗೇ ಹೇಳಿಕೊಂಡು ಏನೋ ಟೈಪ್ ಮಾಡಿದರು. ವರ್ಚುಯಲ್ ಸರ್ವರ್ ನಿಂತಿತು. "ಈಗ ಕೆಳಗಿಂದು," ಅಂದರು. ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತು ಒತ್ತಿತು. ಕಪ್ಪು ಸರ್ವರಿನ ಫ್ಯಾನು ನಿಧಾನವಾಗಿ ಸೊರಗಿ ನಿಂತಿತು. ಆ ಕೋಣೆಯಲ್ಲಿ ಅಷ್ಟು ಹೊತ್ತೂ ಆ ಸದ್ದು ಇತ್ತು ಅಂತ ನನಗೆ ತಿಳಿದದ್ದೇ ಅದು ಇಲ್ಲವಾದಾಗ. ಹೊರಗೆ ಬೀದಿಯಲ್ಲಿ ಯಾರೋ ಸೊಪ್ಪು ಮಾರುವುದು ಕೇಳಿಸಿತು.

ಇವರು ಮೂವತ್ತರ ತನಕ ಎಣಿಸಿದರು. ಮತ್ತೆ ಗುಂಡಿ ಒತ್ತಿದರು.

ಫ್ಯಾನು ಭರ್ರನೆ ಎದ್ದಿತು. ಪರದೆಯ ಮೇಲೆ ಬಿಳಿ ಸಾಲುಗಳು ಓಡಿ, ಒಂದು ಸಾಲಿನಲ್ಲಿ ನಿಂತುಬಿಟ್ಟವು. ಡಿಸ್ಕನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದೆ ಅಂದರು. ಒಂದು ನಿಮಿಷ ಹೋಯಿತು, ಐದು ಹೋಯಿತು. ಸಾಲು ಕದಲಲಿಲ್ಲ. ನಾನು ಎದ್ದು ಬಾಗಿಲಿಗೆ ಹೋದೆ, ಕಿಟಕಿಗೆ ಬಂದೆ, ಮೂವತ್ತು ಕುರ್ಚಿಗಳನ್ನೂ ಮುಟ್ಟಿಕೊಂಡು ಒಂದು ಸುತ್ತು ಹಾಕಿದೆ.

"ಏನ್ರೀ, ಸತ್ತೋಯ್ತಾ?"

"ಸುಮ್ನೆ ಕೂತ್ಕೊಳೇ ವನಜಾ," ಅಂದರು ಇವರು. ನನಗೆ! ಇವರು!

ಹನ್ನೊಂದನೇ ನಿಮಿಷಕ್ಕೆ ಸಾಲು ಕದಲಿತು. ಕೆಳಗಿನ ಯಂತ್ರ ಎದ್ದಿತು. ಅದರ ಮೇಲೆ ಒಳಗಿನ ಸರ್ವರ್ ಎದ್ದಿತು. ಮಕ್ಕಳ ಕೆಲಸ, ರೆಕಾರ್ಡು, ಎಲ್ಲಾ ಇದ್ದಲ್ಲೇ ಇತ್ತು. ಆಮೇಲೆ ಇವರು ಅದರೊಳಗೆ ಒಂದು ಪುಟ್ಟ ಯಂತ್ರ ಮಾಡಿ ಚಾಲೂ ಮಾಡಿದರು. 'ಆಗಲ್ಲ' ಅನ್ನುವ ಸಾಲು ಬರಲಿಲ್ಲ. ಕಪ್ಪು ಚೌಕದ ಮೂಲೆಯಲ್ಲಿ ಒಂದು ಚಿಕ್ಕ ಗೆರೆ ಮಿಣುಕ್ ಮಿಣುಕ್ ಅನ್ನತೊಡಗಿತು. ಮೂರು ದಿನ ಇಡೀ ಮನೆಯ ನೆಮ್ಮದಿ ಕೆಡಿಸಿದ್ದು ಈ ಗೆರೆಗಾಗಿ.

ಇವರು ಅನಿತಾಳಿಗೆ ಫೋನ್ ಮಾಡಿದರು. "ತುಮಕೂರಿಗೆ ಹೋಗೋದು ಬೇಡಮ್ಮ. ಐದೂ ಜನ ಇಲ್ಲಿಗೇ ಬನ್ನಿ." ಆ ಕಡೆ ಹುಡುಗಿ ಕಿರುಚಿದ್ದು ನನಗೂ ಕೇಳಿಸಿತು. ಪ್ರಿನ್ಸಿಪಾಲರಿಗೂ ಲ್ಯಾಬು ಸಿದ್ಧ ಅಂತ ಹೇಳಿ ಫೋನ್ ಇಟ್ಟರು. ನಗುತ್ತಾರೆ, ಕುಣಿಯುತ್ತಾರೆ ಅಂದುಕೊಂಡೆ. ಮಿಣುಕುವ ಗೆರೆ ನೋಡುತ್ತಾ ಕೇಳಿದರು, "ಅಪ್ಪಂಗೆ ಹೇಳಿರ್ತಾಳಾ, ವನಜಾ?"

ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಕೆಂಚಯ್ಯ ಇಳಿಸಿದ್ದಷ್ಟನ್ನು ಸುಲಿದು ಹೋಗಿದ್ದ. ಅತ್ತೆ ಏಣಿಯ ಬುಡದಲ್ಲಿ ಕೂತಿದ್ದರು. ಒಲೆಯ ಮೇಲಿನ ಅನ್ನ ಹಾಗೇ ಇತ್ತು, ಉಂಡಿರಲಿಲ್ಲ.

"ಹೇಳ್ದೆ ಕಣಪ್ಪ," ಅಂದರು, ಇವರು ಬಾಗಿಲು ದಾಟುವ ಮುಂಚೆಯೇ. "ನಿಮ್ಮಪ್ಪ ಹಾಸಿಗೆ ಹಿಡಿದಾಗ ಹೇಳ್ದೆ. ನಂಗೆ ಆಗ್ಲೇ ಗೊತ್ತಿತ್ತು ಕಣೇ ಅಂದ್ರು. ಒಡೆದ ಹೆಂಚು ಬದಲಾಯಿಸಿದ್ದು ಅವರೇ ಅಲ್ವಾ, ನೀರಿನ ಕಲೆ ನೋಡಿದ್ರಂತೆ. ಅವರವ್ವನ ಬಾಯಿಗೆ ನನ್ನ ಸಿಕ್ಕಿಸಬಾರ್ದು ಅಂತ ಸುಮ್ಕಾದ್ರಂತೆ."

ಇವರು ಗೋಡೆ ಹಿಡಿದುಕೊಂಡರು. "ಗೊತ್ತಿದ್ದೂ ನನ್ನ ಕೆಳಗಿರು ಅಂತಿದ್ರಾ?"

"ನಿಮ್ಮಜ್ಜಿ ಇರೋಗಂಟ ಅನ್ಲೇಬೇಕಿತ್ತು. ಅವರು ಹೋದ್ಮೇಲೆ..." ಅತ್ತೆ ನೆಲ ನೋಡಿದರು. "ಬಾಯಿಗೆ ರೂಢಿಯಾಗೋಗಿತ್ತು ಕಣಪ್ಪ. ನೀನೂ ಯಾಕೆ ಅಂತ ಕೇಳ್ಲಿಲ್ಲ."

ಅಷ್ಟೇ. ಯಾರಿಗೂ ಇವರ ಮೇಲೆ ಸಿಟ್ಟಿರಲಿಲ್ಲ. ಇಷ್ಟು ವರ್ಷ ಇವರು ಹೊತ್ತಿದ್ದನ್ನು ಇಳಿಸು ಅಂತ ಹೇಳುವುದು ಯಾರಿಗೂ ನೆನಪಾಗಲಿಲ್ಲ. ಸತ್ತ ಮಾವನವರನ್ನು ನಾನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ, ಆಮೇಲೆ ನನಗೇ ಅಳು ಬಂತು.

ಇವರು ಏಣಿಗೆ ಕೈ ಹಾಕಿದರು. ಒಂದೊಂದೇ ಮೆಟ್ಟಿಲು ತಡವಿ, ಏಣಿ ಹತ್ತಲು ಕಲಿಯುವ ಮಗುವಿನ ಹಾಗೆ ಹತ್ತಿದರು. ಮೇಲೆ ಇನ್ನೂ ಅರ್ಧ ಅಟ್ಟ ಕಾಯಿ ಇತ್ತು. ಇವರು ಬಗ್ಗಿಕೊಂಡು ಕತ್ತಲ ಮೂಲೆಗೆ ಹೋದದ್ದು ಅಟ್ಟಕ್ಕೆ ಹಾಸಿದ ದಬ್ಬೆಗಳ ಸದ್ದಿನಿಂದ ತಿಳಿಯಿತು. ಆಮೇಲೆ ಒಂದು ಕಾಯಿ ಗಟಗಟ ಅಂದಿತು. ಇನ್ನೊಂದು ಅಂದಿತು.

ಅತ್ತೆ ಎದ್ದು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. "ತಾಳ್ಲಾ, ಹೆಂಚು ಒಡೆದಿದ್ದ ಜಾಗ ನಾನು ತೋರಿಸ್ತೀನಿ. ನಂಗೆ ನೆನಪದೆ."

"ನೀನು ಕೆಳಗಿರವ್ವ," ಅಂದರು ಇವರು ಮೇಲಿನಿಂದ.

ಸಿಟ್ಟಿಲ್ಲದ, ಏರಿಳಿತವಿಲ್ಲದ ದನಿ. ಥೇಟ್ ಮಾವನವರದು. ಅತ್ತೆಯ ಕಾಲು ಮೆಟ್ಟಿಲ ಮೇಲೆ ಹಾಗೇ ನಿಂತಿತು, ಅವರು ಕೆಳಗಿಳಿಯಲೂ ಇಲ್ಲ, ಮೇಲೆ ಹತ್ತಲೂ ಇಲ್ಲ.

ಆಡಿದ ಮಾತು ಇವರಿಗೂ ಕೇಳಿಸಿರಬೇಕು. ಗಟಗಟ ನಿಂತಿತು. ಇವರು ಅಟ್ಟದ ಅಂಚಿಗೆ ಬಂದು ಮಂಡಿಯೂರಿದರು. ತಲೆಯೆಲ್ಲ ಜೇಡರಬಲೆ, ಕೆನ್ನೆ ಒದ್ದೆ. ಅಪ್ಪ ಸತ್ತಾಗಲೂ ಅಳದೆ ಶಾಮಿಯಾನದ ವೈರು ಸರಿಮಾಡುತ್ತಿದ್ದ ಮನುಷ್ಯ.

"ಇಲ್ಲ, ಬಾರವ್ವ," ಅಂತ ಕೈ ಕೆಳಗೆ ಚಾಚಿದರು. "ಹತ್ತು. ನಾನು ಹಿಡ್ಕತೀನಿ."

ಅರವತ್ತೇಳರ ಹೆಂಗಸನ್ನು ಆ ಏಣಿ ಹತ್ತಿಸಬಾರದು ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಏಣಿಯನ್ನು ಎರಡು ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ.